ಹಾಸನ ಸೀಮೇಲಿ ಮುಂಗಾರು ಆಲೂಗಡ್ಡೆ: ಎಲೆ ಹಸಿರಾಗಿ ಉಳಿಸ್ಕೊಂಡ್ರೆ ಇಳುವರಿ ಉಳಿಯುತ್ತೆ

ಆಲೂಗಡ್ಡೆ ಅಸಲಿಗೆ ಚಳಿಗಾಲದ ಬೆಳೆ. ಪಂಜಾಬ್, ಯುಪಿ, ಗುಜರಾತ್ ಕಡೆ ಅಕ್ಟೋಬರ್ ನವೆಂಬರಲ್ಲಿ ನಾಟಿ ಮಾಡ್ತಾರೆ, ನೀರು ಅವ್ರ ಕೈಲಿರುತ್ತೆ, ಹಗಲು ಒಳ್ಳೆ ಬಿಸಿಲು, ರಾತ್ರಿ ಚಳಿ, ಮಳೆ ಕಾಟ ಇಲ್ಲ, ಫೆಬ್ರವರಿ ಮಾರ್ಚಲ್ಲಿ ಕಿತ್ತು ಕೋಲ್ಡ್ ಸ್ಟೋರೇಜಿಗೆ ಹಾಕ್ತಾರೆ. ನಾವು ಹಾಸನ, ಚಿಕ್ಕಮಗಳೂರು ಕಡೆಯೋರು, ಅತ್ತ ಬೆಳಗಾವಿ ಧಾರವಾಡದೋರೂ ಅಷ್ಟೇ, ಅದೇ ಗಡ್ಡೆನ ಮಳೆಗಾಲದಲ್ಲಿ ಬೆಳೀತೀವಿ. ಮೇ ಕೊನೇಲಿ ಹಾಕಿ ಆಗಸ್ಟ್ ಸೆಪ್ಟೆಂಬರಲ್ಲಿ ಕೀಳೋದು. ಹಾಸನ ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿ ಮೇಲಿದೆ, ಮುಂಗಾರಲ್ಲಿ ಹಗಲು 26-27 ಡಿಗ್ರಿ, ರಾತ್ರಿ 20ರ ಹತ್ತಿರಕ್ಕೆ ಇಳಿಯುತ್ತೆ, ಅದಕ್ಕೇ ಈ ಬೆಳೆ ನಮಗೆ ಸಿಕ್ಕಿರೋದು. ರಾತ್ರಿ ಇನ್ನೂ ನಾಕು ಡಿಗ್ರಿ ಜಾಸ್ತಿ ಇದ್ದಿದ್ರೆ ಬರೀ ಸೊಪ್ಪು ಬೆಳೀತಿತ್ತು, ಗಡ್ಡೆ ಕಟ್ತಿರ್ಲಿಲ್ಲ.

ಇದನ್ನ ಮೊದಲೇ ಯಾಕೆ ಹೇಳ್ತಿದೀನಿ ಅಂದ್ರೆ, ಹೊಸಬ್ರು ತುಂಬ ಜನ ಯೂಟ್ಯೂಬಲ್ಲಿ ಉತ್ತರದ ಕಡೆ ವಿಡಿಯೋ ನೋಡಿ ಎಕರೆಗೆ ಹತ್ತು ಟನ್ ಬರುತ್ತೆ ಅಂತ ಲೆಕ್ಕ ಹಾಕ್ಕೊಂಡು ಸಾಲ ಮಾಡ್ತಾರೆ. ದೇಶದ ಸರಾಸರಿ ಹೆಕ್ಟೇರಿಗೆ 24-25 ಟನ್, ಅಂದ್ರೆ ಎಕರೆಗೆ ಹತ್ತು ಟನ್ ಹತ್ತಿರ ಆಗುತ್ತೆ ನಿಜ, ಆದ್ರೆ ಅದು ಚಳಿಗಾಲದ ನೀರಾವರಿ ಬೆಳೆ ಲೆಕ್ಕ. ಮಳೆ ಆಶ್ರಯದ ನಮ್ಮ ಹೊಲದಲ್ಲಿ ನಾಕರಿಂದ ಐದು ಟನ್ ಬಂದ್ರೆ ಒಳ್ಳೆ ಬೆಳೆ ಅಂತಾನೇ ತಿಳ್ಕೊಳ್ಳಿ, ಅಂಗಮಾರಿ (ಮಳೆಗಾಲದಲ್ಲಿ ಎಲೆ ಸುಟ್ಟ ಹಾಗೆ ಮಾಡೋ ರೋಗ, ಲೇಟ್ ಬ್ಲೈಟ್) ಬಂದ ವರ್ಷ ಹಾಕಿದ ಬೀಜದ ಚೀಲವೂ ವಾಪಸ್ ಬರ್ದೇ ಇರೋದನ್ನ ನಾನು ನೋಡಿದೀನಿ. ನಮ್ಮ ಸುತ್ತಮುತ್ತ ಎಷ್ಟೋ ಜನ ಇದನ್ನ ಬಿಟ್ಟು ಮುಸುಕಿನ ಜೋಳಕ್ಕೆ, ಶುಂಠಿಗೆ ಹೋದ್ರು. ನಾನು ಬಿಟ್ಟಿಲ್ಲ. ಇಷ್ಟು ವರ್ಷದಲ್ಲಿ ನನಗೆ ಮನದಟ್ಟಾಗಿರೋದು ಒಂದೇ, ನಮ್ಮ ಕಡೆ ಇಳುವರಿ ಗೊಬ್ಬರದ ಅಂಗಡೀಲಿ ತೀರ್ಮಾನ ಆಗಲ್ಲ, ಹೊಲದಲ್ಲಿ ಎಷ್ಟು ಗಿಡ ಉಳಿದ್ವು, ಅವುಗಳ ಎಲೆ ಎಷ್ಟು ದಿನ ಹಸಿರಾಗಿತ್ತು ಅನ್ನೋದ್ರಲ್ಲೇ ತೀರ್ಮಾನ ಆಗುತ್ತೆ. ಕೆಳಗೆ ಬರೆದಿರೋದೆಲ್ಲ ಇವೆರಡನ್ನ ಉಳಿಸ್ಕೊಳ್ಳೋ ದಾರಿ.

ಮೊದಲು ಲೆಕ್ಕ

ಎರಡಡಿ ಸಾಲು, ಸಾಲೊಳಗೆ ಒಂಬತ್ತು ಇಂಚಿಗೆ ಒಂದು ಗಡ್ಡೆ ಅಂತ ಹಾಕಿದ್ರೆ ಎಕರೆಗೆ 29 ಸಾವಿರ ಗಿಡ ಕೂರುತ್ತೆ. 40 ಗ್ರಾಮಿನ ಇಡೀ ಗಡ್ಡೆ ಹಾಕೋದಾದ್ರೆ 1160 ಕೆಜಿ, ಅಂದ್ರೆ 50 ಕೆಜಿ ಚೀಲದಲ್ಲಿ 23 ಚೀಲ ಬೇಕು. 25-30 ಗ್ರಾಮಿನ ಹೋಳು ಮಾಡಿ ಹಾಕಿದ್ರೆ 15ರಿಂದ 17 ಚೀಲ. ನಮ್ಮಲ್ಲಿ ಬಹಳ ಜನ ದುಡ್ಡು ಉಳಿಸೋಕೆ ಹತ್ತು ಹನ್ನೆರಡು ಚೀಲದಲ್ಲೇ ಎಕರೆ ಮುಗಿಸ್ತಾರೆ, ಹೋಳು ಸಣ್ಣದು ಮಾಡ್ತಾರೆ ಇಲ್ಲಾ ಅಂತರ ಜಾಸ್ತಿ ಬಿಡ್ತಾರೆ. ಅಲ್ಲಿಗೆ ನಾಟಿ ದಿನಾನೇ ಇಳುವರಿಲಿ ಕಾಲು ಭಾಗ ಹೋಯ್ತು.

29 ಸಾವಿರದಲ್ಲಿ ಕೊಳೆತು, ಸೊರಗಿ, ಹುಳ ತಿಂದು ಕಾಲು ಭಾಗ ಹೋದ್ರೂ ಸುಮಾರು 22 ಸಾವಿರ ಗಿಡ ಉಳಿಯುತ್ತೆ. ಗಿಡಕ್ಕೆ 200 ಗ್ರಾಂ ಸಿಕ್ರೆ 4.4 ಟನ್, 88 ಚೀಲ. ಈಗ ಎಲೆ ವಿಷ್ಯ. ಒಂದು ವರ್ಷ ನಾನು ಒಂದೇ ಸಾಲಲ್ಲಿ 60ನೇ ದಿನ ಹತ್ತು ಗಿಡ ಕಿತ್ತು ತೂಕ ಹಾಕಿದೆ, ಒಂದು ಕೆಜಿ ಇನ್ನೂರು ಗ್ರಾಂ ಬಂತು. ಅದೇ ಸಾಲಲ್ಲಿ ಪಕ್ಕದ ಹತ್ತು ಗಿಡ 75ನೇ ದಿನ ಕಿತ್ತೆ, ಎರಡು ಕೆಜಿ ನೂರು ಗ್ರಾಂ. ಗಿಡಕ್ಕೆ 90 ಗ್ರಾಂ ಜಾಸ್ತಿ, ಹದಿನೈದೇ ದಿನದಲ್ಲಿ. 22 ಸಾವಿರ ಗಿಡಕ್ಕೆ ಲೆಕ್ಕ ಹಾಕಿದ್ರೆ ಹತ್ತಿರ ಹತ್ತಿರ 20 ಕ್ವಿಂಟಾಲ್, 40 ಚೀಲ. ಜುಲೈ ಕೊನೇಲಿ ಅಂಗಮಾರಿ ಬಂದು ಎಲೆ ಸುಟ್ಟು ಹೋದ್ರೆ ಕಳ್ಕೊಳ್ಳೋದು ಇದನ್ನೇ. ನೀವೂ ಒಂದು ಸಲ ಹೀಗೆ ತೂಕ ಹಾಕಿ ನೋಡಿ, ಆಮೇಲೆ ಔಷಧಿ ಹೊಡೆಯೋಕೆ ಒಂದು ದಿನ ತಡ ಮಾಡೋಕೂ ಮನಸ್ಸು ಬರಲ್ಲ.

ಹೊಲ ಆರಿಸೋದು, ತಯಾರಿ

ಕೆಂಪು ಮರಳು ಮಿಶ್ರಿತ ಮಣ್ಣು, ನೀರು ನಿಲ್ಲದೆ ಜಾರಿ ಹೋಗೋ ಹೊಲ ಬೇಕು. ಎರೆ ಮಣ್ಣು, ಗದ್ದೆ ಬಯಲು ಮುಂಗಾರು ಬೆಳೆಗೆ ಬೇಡ. ಮಣ್ಣಿನ ರಸಸಾರ (ಪಿಎಚ್) 5.5ರಿಂದ 6.5 ಇದ್ರೆ ಚೆನ್ನಾಗಿ ಬರುತ್ತೆ, ಸ್ವಲ್ಪ ಹುಳಿ ಮಣ್ಣು ಅಂದ್ರೆ ಆಲೂಗಡ್ಡೆಗೆ ಇಷ್ಟ, ಹಾಗಾಗಿ ಬೇರೆ ಬೆಳೆಗೆ ಹಾಕಿದ ಹಾಗೆ ಇದಕ್ಕೂ ಸುಣ್ಣ ಚೆಲ್ಲೋಕೆ ಹೋಗ್ಬೇಡಿ, ಗಡ್ಡೆ ಮೇಲೆ ಕಜ್ಜಿ ಥರ ಏಳುತ್ತೆ, ಮಾರ್ಕೆಟಲ್ಲಿ ಮುಟ್ಟಿ ನೋಡಿದೋರು ಹಂಗೇ ಕೆಳಗಿಡ್ತಾರೆ.

ಹಿಂದಿನ ವರ್ಷ ಟೊಮೇಟೊ, ಬದನೆ, ಮೆಣಸಿನಕಾಯಿ ಹಾಕಿದ್ದ ಹೊಲ ಬೇಡ್ವೇ ಬೇಡ, ಮೂರೂ ಆಲೂಗಡ್ಡೆ ಕುಲದವೇ, ಒಂದರ ರೋಗ ಇನ್ನೊಂದಕ್ಕೆ ಕಾದು ಕೂತಿರುತ್ತೆ. ಸೊರಗು ರೋಗ ಬಂದು ಶುಂಠಿ ಹೋದ ಹೊಲದಲ್ಲೂ ನಾನು ಹಾಕಲ್ಲ. ರಾಗಿ, ಮುಸುಕಿನ ಜೋಳ, ಹುರುಳಿ ಕೊಯ್ದ ಹೊಲ ಅತ್ಯುತ್ತಮ.

ಮಾರ್ಚ್ ಏಪ್ರಿಲಲ್ಲಿ ಒಂದು ಅಡ್ಡ ಮಳೆ ಬಿದ್ದ ಕೂಡ್ಲೇ ಆಳವಾಗಿ ಉಳುಮೆ ಮಾಡಿ ಬಿಟ್ಬಿಡಿ. ಬೇರು ಗಡ್ಡೆ ತಿನ್ನೋ ಗೊಣ್ಣೆ ಹುಳ ಎಲ್ಲ ಮೇಲೆ ಬರುತ್ತೆ, ನೇಗಿಲ ಹಿಂದೆ ಬೆಳ್ಳಕ್ಕಿ ಕಾಗೆ ಸಾಲಾಗಿ ನಡೀತಾ ಇರ್ತಾವಲ್ಲ, ಅವು ಮಾಡೋ ಕೆಲಸ ಯಾವ ಹರಳು ಔಷಧಿನೂ ಮಾಡಲ್ಲ. ಕೊಟ್ಟಿಗೆ ಗೊಬ್ಬರ ಎಕರೆಗೆ ಹತ್ತು ಟನ್, ಅಂದ್ರೆ ನಾಕೈದು ಟ್ರಾಕ್ಟರ್ ಲೋಡ್ ಕೇಳುತ್ತೆ. ಗೊಬ್ಬರ ಪೂರ್ತಿ ಕಳಿತಿರ್ಬೇಕು. ಹಸಿ ಗೊಬ್ಬರ ಹಾಕಿದ್ರೆ ಗೊಣ್ಣೆ ಹುಳಾನ ನೀವೇ ಕೈಯಾರೆ ಹೊಲಕ್ಕೆ ಹೊತ್ತು ಹಾಕಿದ ಹಾಗೆ.

ಇಳಿಜಾರಿನ ಹೊಲ ಆದ್ರೆ ಸಾಲು ಇಳಿಜಾರಿಗೆ ಸ್ವಲ್ಪ ಓರೆ ಬರೋ ಹಾಗೆ ಹೊಡೀರಿ, ನೇರ ಕೆಳಕ್ಕೆ ಹೊಡೆದ್ರೆ ಮಣ್ಣು ಕೊಚ್ಚಿ ಹೋಗುತ್ತೆ, ಪೂರ್ತಿ ಅಡ್ಡ ಹೊಡೆದ್ರೆ ನೀರು ನಿಲ್ಲುತ್ತೆ. ಹೊಲದ ತಗ್ಗಿನ ಮೂಲೇಲಿ ನೀರು ಹೊರಕ್ಕೆ ಹೋಗೋ ಕಾಲುವೆ ನಾಟಿಗೆ ಮುಂಚೆನೇ ತೆಗೆದಿಡಿ, ಮಳೆ ಹಿಡ್ಕೊಂಡ ಮೇಲೆ ಗುದ್ದಲಿ ಹಿಡಿದು ಓಡಿ ಪ್ರಯೋಜನ ಇಲ್ಲ. ಗಡ್ಡೆ ಒಂದು ಹಗಲು ಒಂದು ರಾತ್ರಿ ನೀರಲ್ಲಿ ನಿಂತ್ರೆ ಉಸಿರಾಟ ಇಲ್ಲದೆ ಕೊಳೆಯೋಕೆ ಶುರು ಆಗುತ್ತೆ.

ಬೀಜ

ಇಡೀ ಬೆಳೇಲಿ ಜಾಸ್ತಿ ದುಡ್ಡು ಹೋಗೋದು ಇದಕ್ಕೇ, ಜಾಸ್ತಿ ಮೋಸ ಹೋಗೋದೂ ಇಲ್ಲೇ. ನಮಗೆ ಬೀಜ ಬರೋದು ಪಂಜಾಬಿನ ಜಲಂಧರಿಂದ. ಅಲ್ಲಿ ಚಳಿಗಾಲದಲ್ಲಿ ಬೆಳೆದದ್ದು ಕೋಲ್ಡ್ ಸ್ಟೋರೇಜಲ್ಲಿದ್ದು ಏಪ್ರಿಲ್ ಕೊನೆ, ಮೇ ಹೊತ್ತಿಗೆ ಲಾರೀಲಿ ಹಾಸನ ಎಪಿಎಂಸಿ ಯಾರ್ಡಿಗೆ ಬರುತ್ತೆ. ಅಲ್ಲಿಯ ಚಳೀಲಿ ಗಿಡಹೇನು ಕಾಟ ಕಮ್ಮಿ ಇರೋ ಕಾಲದಲ್ಲಿ ಬೆಳೆಯೋದ್ರಿಂದ ಬೀಜಕ್ಕೆ ನಂಜು (ವೈರಸ್) ರೋಗ ಕಮ್ಮಿ ತಗಲುತ್ತೆ. ನಮ್ಮಲ್ಲಿ ಬೆಳೆದ ಗಡ್ಡೆನೇ ಎತ್ತಿಟ್ಟು ಮುಂದಿನ ವರ್ಷ ಬೀಜಕ್ಕೆ ಹಾಕಿದ್ರೆ ಎರಡು ಮೂರು ವರ್ಷದಲ್ಲಿ ಎಲೆ ಸುರುಳಿ, ಎಲೆ ಮೇಲೆ ತಿಳಿ ಹಳದಿ ಮಚ್ಚೆ, ಗಿಡ ಕುಳ್ಳ ಆಗಿ ಇಳುವರಿ ಕುಸಿಯುತ್ತೆ.

ತಳಿ ಅಂದ್ರೆ ನಮ್ಮ ಕಡೆ ಇವತ್ತಿಗೂ ಕುಫ್ರಿ ಜ್ಯೋತಿ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ್ದು. ಆಗ ಅದು ಅಂಗಮಾರಿ ತಡೆಯೋ ತಳಿ, ಈಗ ಆ ಶಕ್ತಿ ಹೋಗಿದೆ, ರೋಗಾಣು ತಾನೂ ಬದಲಾಗ್ತಾ ಬಂತು. ಕುಫ್ರಿ ಹಿಮಾಲಿನಿ ಅಂತ ಇದೆ, ಜ್ಯೋತಿಗಿಂತ ಅಂಗಮಾರಿನ ಚೆನ್ನಾಗಿ ತಡ್ಕೊಳ್ಳುತ್ತೆ, ಸಿಕ್ರೆ ಅರ್ಧ ಎಕರೆಗಾದ್ರೂ ಹಾಕಿ ಅಂತ ನಾನು ಎಲ್ರಿಗೂ ಹೇಳ್ತೀನಿ. ಚಿಪ್ಸ್ ಕಂಪನಿ ಒಪ್ಪಂದಕ್ಕೆ ಬೆಳೆಯೋರ ತಳಿ ಬೇರೆ, ಅವ್ರಿಗೆ ಸಕ್ಕರೆ ಅಂಶ ಕಮ್ಮಿ ಇರೋ ಗಟ್ಟಿ ಗಡ್ಡೆ ಬೇಕು, ಅದಕ್ಕೆ ಅವ್ರೇ ಬೀಜ ಕೊಡ್ತಾರೆ, ಆ ಲೆಕ್ಕಾಚಾರ ಇಲ್ಲಿ ಬೇಡ.

ಚೀಲ ಕೊಳ್ಳೋವಾಗ ಟ್ಯಾಗ್ ನೋಡಿ. ಮೂಲ ಬೀಜಕ್ಕೆ ಬಿಳಿ ಟ್ಯಾಗ್, ಪ್ರಮಾಣಿತ ಬೀಜಕ್ಕೆ ನೀಲಿ ಟ್ಯಾಗ್ ಇರುತ್ತೆ. ಯಾರ್ಡಿಗೆ ಬರೋ ಎಲ್ಲ ಚೀಲಕ್ಕೂ ಟ್ಯಾಗ್ ಇರಲ್ಲ, ತಿನ್ನೋ ಗಡ್ಡೆನೇ ಬೀಜ ಅಂತ ತುಂಬಿ ಕೊಟ್ಟಿರೋದೂ ಉಂಟು. ಒಂದು ವರ್ಷ ನಾನೇ ಚೀಲಕ್ಕೆ ಇನ್ನೂರು ರೂಪಾಯಿ ಕಮ್ಮಿ ಅಂತ ಟ್ಯಾಗಿಲ್ಲದ ಬೀಜ ತಂದು ಒಂದೂವರೆ ಎಕರೆಗೆ ಹಾಕಿದ್ದೆ. ನಲವತ್ತನೇ ದಿನ ಮಧ್ಯಾಹ್ನ ಹೊಲಕ್ಕೆ ಹೋದ್ರೆ ಹಸಿರು ಗಿಡ ಹಾಗೇ ಬಾಡಿ ಬಗ್ಗಿ ನಿಂತಿದ್ವು, ಎಲೆ ಹಳದಿ ಆಗಿಲ್ಲ ಏನಿಲ್ಲ. ನೀರು ಸಾಲದೇನೋ ಅನ್ಕೊಂಡೆ. ನಮ್ಮ ದೊಡ್ಡಪ್ಪ ಬಂದು ಒಂದು ಗಿಡದ ಕಾಂಡನ ಬುಡದಲ್ಲಿ ಕುಯ್ದು, ಗಾಜಿನ ಲೋಟದ ನೀರಲ್ಲಿ ಅಲ್ಲಾಡದ ಹಾಗೆ ಇಳಿಬಿಟ್ಟು, "ಸುಮ್ನೆ ನೋಡ್ತಾ ಇರು ಮಗ" ಅಂದ್ರು. ಎರಡು ನಿಮಿಷ ಆಗಿರ್ಬೇಕು, ಕುಯ್ದ ಜಾಗದಿಂದ ಹಾಲಿನ ಥರ ಬಿಳಿ ಎಳೆ ಒಂದು ನೀರಿಗೆ ಸಣ್ಣಗೆ ಇಳೀತು. ಅದು ದುಂಡಾಣು ಸೊರಗು ರೋಗ. ಬೀಜದಲ್ಲೇ ಬಂದಿತ್ತು. ಅದಕ್ಕೆ ಔಷಧಿ ಇಲ್ಲ, ಗಿಡ ಗಡ್ಡೆ ಸಮೇತ ಕಿತ್ತು ಹೊರಗೆ ಸುಡ್ಬೇಕು, ಆ ಹೊಲಕ್ಕೆ ಮೂರು ವರ್ಷ ಆಲೂಗಡ್ಡೆ ಹಾಕೋ ಹಾಗಿಲ್ಲ. ನಾನು ಹಾಕಿಲ್ಲ.

ಅವತ್ತಿಂದ ಚೀಲ ಕೊಳ್ಳೋಕೆ ಮುಂಚೆ ಒಂದು ಚೀಲ ಪೂರ್ತಿ ಸುರಿಸಿ ನೋಡ್ತೀನಿ, ಹತ್ತು ಗಡ್ಡೆ ಅಡ್ಡಕ್ಕೆ ಕುಯ್ದು ಹಿಂಡ್ತೀನಿ. ಸಿಪ್ಪೆ ಒಳಗೆ ಕಂದು ಬಣ್ಣದ ಉಂಗುರ ಕಂಡ್ರೆ, ಹಿಂಡಿದಾಗ ಅಂಟು ಅಂಟು ಬಿಳಿ ಲೋಳೆ ಬಂದ್ರೆ ಆ ಲಾಟೇ ಬೇಡ. ವ್ಯಾಪಾರಿ ಬೇಜಾರ್ ಮಾಡ್ಕೊಂಡ್ರೆ ಮಾಡ್ಕೊಳ್ಲಿ.

ಇನ್ನೊಂದು ದಾರಿ ಈಗ ಇದೆ. ಹಾಸನದ ಸೋಮನಹಳ್ಳಿ ಕಾವಲಿನಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇದೆಯಲ್ಲ, ಅಲ್ಲಿ ಅಂಗಾಂಶ ಕೃಷಿ ಗಿಡದ ಕುಡಿ ಕತ್ತರಿಸಿ ಬೇರು ಬರಿಸಿ ಸಸಿ ಮಾಡೋ ಪದ್ಧತಿನ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ಜೊತೆ ಸೇರಿ ಬೆಳೆಸಿದಾರೆ. ಸಸಿ ರೋಗ ಇಲ್ಲದ್ದು, ಒಂದೊಂದು ಸಸಿಗೆ ಹತ್ತರ ಸುತ್ತ ಗಡ್ಡೆ ಸಿಗುತ್ತೆ. ಸಸಿನ ನೆರಳು ಪರದೆ ಮನೇಲಿ, ಇಲ್ಲಾ ನೀರಿರೋ ಸಣ್ಣ ತುಂಡಲ್ಲಿ ಬೆಳೆಸಿ ನಿಮ್ಮ ಬೀಜ ನೀವೇ ಮಾಡ್ಕೊಂಡು ಮುಂದಿನ ಹಂಗಾಮಿಗೆ ಹೊಲಕ್ಕೆ ಹಾಕೋದು. ಬೋರ್‌ವೆಲ್ ಇರೋ ನಾಕು ಜನ ರೈತರು ಸೇರಿ ಮಾಡಿದ್ರೆ ಜಲಂಧರ್ ಲಾರಿಗೆ ಕಾಯೋದು ತಪ್ಪುತ್ತೆ. ನಮ್ಮ ಜಿಲ್ಲೆಗೆ ಇದು ಬಹಳ ದೊಡ್ಡ ವಿಷ್ಯ ಅಂತ ನನ್ನ ನಂಬಿಕೆ, ಹೋಗಿ ಕೇಳಿ.

ಮೊಳಕೆ ಬರಿಸೋದು, ಹೋಳು ಮಾಡೋದು

ಕೋಲ್ಡ್ ಸ್ಟೋರೇಜಿಂದ ಬಂದ ಚೀಲನ ತಂದ ದಿನಾನೇ ಹೊಲಕ್ಕೆ ಹಾಕೋದು ದೊಡ್ಡ ತಪ್ಪು. ತಣ್ಣಗಿದ್ದ ಗಡ್ಡೆ ಹೊರಗೆ ಬಂದಾಗ ಮೈಯೆಲ್ಲ ಬೆವರುತ್ತೆ, ಚೀಲದಲ್ಲೇ ಬಿಟ್ರೆ ಕೊಳೆಯುತ್ತೆ. ಚೀಲ ಬಿಚ್ಚಿ ಜಗಲಿ ಮೇಲೋ ಕೊಟ್ಟಿಗೇಲೋ, ಬೆಳಕು ಇದ್ದು ನೇರ ಬಿಸಿಲು ಬೀಳದ ಕಡೆ ಎರಡು ಮೂರು ಪದರಕ್ಕಿಂತ ಜಾಸ್ತಿ ಆಗದ ಹಾಗೆ ಹರಡಿ ಹತ್ತರಿಂದ ಹದಿನೈದು ದಿನ ಬಿಡಿ. ಕೊಳೆತದ್ದನ್ನ ದಿನಾ ಆರಿಸಿ ಬಿಸಾಕಿ. ಬೆಳಕಲ್ಲಿ ಬಂದ ಮೊಳಕೆ ಗಿಡ್ಡಕ್ಕೆ ದಪ್ಪಕ್ಕೆ ಹಸಿರು ನೇರಳೆ ಬಣ್ಣಕ್ಕಿರುತ್ತೆ, ಮುಟ್ಟಿದ್ರೆ ಮುರಿಯಲ್ಲ. ಕತ್ತಲೇಲಿ ಬಂದದ್ದು ಬೆಳ್ಳಗೆ ಉದ್ದಕ್ಕೆ ದಾರದ ಥರ, ಸಾಲಿಗೆ ಹಾಕೋವಾಗಲೇ ಮುರಿದು ಹೋಗುತ್ತೆ. ಅರ್ಧ ಸೆಂಟಿಮೀಟರಿಂದ ಒಂದು ಸೆಂಟಿಮೀಟರ್ ಮೊಳಕೆ ಇದ್ದಾಗ ನಾಟಿಗೆ ಸರಿಯಾದ ಹೊತ್ತು. ದಾರದ ಥರ ಸಣ್ಣ ಮೊಳಕೆ ಮಾತ್ರ ಬಿಡೋ ಗಡ್ಡೆಗೆ ನಂಜು ರೋಗ ಇರೋ ಸಾಧ್ಯತೆ ಇದೆ, ತೆಗೆದುಬಿಡಿ.

ಕೈಲಿ ದುಡ್ಡಿದ್ರೆ ಸಣ್ಣ ಇಡೀ ಗಡ್ಡೆನೇ ಹಾಕಿ, ಮಳೆಗಾಲದ ಒದ್ದೆ ಮಣ್ಣಲ್ಲಿ ಹೋಳಿಗಿಂತ ಅದು ಎಷ್ಟೋ ವಾಸಿ. ಹೋಳು ಮಾಡೋದೇ ಆದ್ರೆ ಗಡ್ಡೆಯ ತಲೆ ಕಡೆ ಕಣ್ಣು ಜಾಸ್ತಿ ಇರುತ್ತೆ ನೋಡಿ, ಅಲ್ಲಿಂದ ಉದ್ದಕ್ಕೆ ಕುಯ್ದು ಪ್ರತಿ ಹೋಳಿಗೂ ಎರಡು ಕಣ್ಣು ಬರೋ ಹಾಗೆ ಮಾಡಿ. ಎರಡು ಕುಡುಗೋಲು ಇಟ್ಕೊಳ್ಳಿ, ಒಂದು ಪೊಟಾಷಿಯಂ ಪರ್ಮಾಂಗನೇಟ್ ನೀರಲ್ಲಿ ಮುಳುಗಿರ್ಲಿ, ಇನ್ನೊಂದರಲ್ಲಿ ಕುಯ್ತಾ ಇರಿ, ಆಗಾಗ ಬದಲಾಯಿಸಿ. ಒಂದು ರೋಗದ ಗಡ್ಡೆ ಕುಯ್ದ ಕುಡುಗೋಲಲ್ಲೇ ಮುಂದಿನದು ಕುಯ್ದ್ರೆ ಆ ರೋಗ ಒಂದಾದ ಮೇಲೊಂದು ಹೋಳಿಗೆ ದಾಟ್ತಾ ಹೋಗುತ್ತೆ. ಕುಯ್ದ ಹೋಳನ್ನ ಮ್ಯಾಂಕೋಜೆಬ್ (ಬೂಷ್ಟು ರೋಗ ತಡೆಯೋ ಔಷಧಿ) ಲೀಟರಿಗೆ ಎರಡೂವರೆ ಗ್ರಾಂ ಬೆರೆಸಿದ ನೀರಲ್ಲಿ ಹತ್ತು ನಿಮಿಷ ಅದ್ದಿ, ನೆರಳಲ್ಲಿ ಎರಡು ದಿನ ಹರಡಿ, ಕುಯ್ದ ಭಾಗ ಒಣಗಿ ಹಕ್ಕಳೆ ಕಟ್ಟಿದ ಮೇಲೇನೇ ಹೊಲಕ್ಕೆ.

ನಾಟಿ

ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತಾರೆ ನಮ್ಮೋರು, ಭರಣಿ ಕೃತ್ತಿಕೇಲಿ ಹೊಲ ಹದ ಮಾಡ್ಕೊಂಡು ರೋಹಿಣಿ ಮಳೇಲಿ, ಅಂದ್ರೆ ಮೇ 25ರಿಂದ ಜೂನ್ ಮೊದಲ ವಾರದೊಳಗೆ ನಾಟಿ ಮುಗಿಸೋದು ನನ್ನ ಲೆಕ್ಕದಲ್ಲಿ ಒಳ್ಳೇದು. ಮೇ ಶುರುವಲ್ಲೇ ಹಾಕಿದ್ರೆ ಮಣ್ಣು ಕಾದಿರುತ್ತೆ, ಹೋಳು ಕೊಳೆಯುತ್ತೆ. ಮೃಗಶಿರ ದಾಟಿದ್ರೆ ಗಿಡ ಇನ್ನೂ ಎಳೇದಿರೋವಾಗ್ಲೇ ಜುಲೈ ತಿಂಗಳ ಪುನರ್ವಸು ಪುಷ್ಯದ ಜಡಿಮಳೆ ಹಿಡ್ಕೊಂಡು ಅಂಗಮಾರಿಗೆ ಸಿಕ್ಕಾಕ್ಕೊಳ್ಳುತ್ತೆ. ಬೇಗ ಹಾಕಿದ ಗಿಡ ಅಷ್ಟರಲ್ಲಿ ಗಡ್ಡೆ ಕಟ್ಟೋಕೆ ಶುರು ಮಾಡಿರುತ್ತೆ, ರೋಗ ಬಂದ್ರೂ ಅಷ್ಟೋ ಇಷ್ಟೋ ಕೈಗೆ ಸಿಗುತ್ತೆ.

ಮಣ್ಣು ಹದ ಇರ್ಬೇಕು, ಕೈಲಿ ಹಿಡಿದು ಉಂಡೆ ಮಾಡಿ ಬಿಟ್ರೆ ಒಡೀಬೇಕು, ಅಂಟಿದ್ರೆ ಇನ್ನೊಂದು ದಿನ ಕಾಯಿರಿ. ಎತ್ತಿನ ನೇಗಿಲಲ್ಲಿ ಎರಡಡಿಗೊಂದು ಸಾಲು ಹೊಡೆದು, ಗೊಬ್ಬರ ಹಾಕಿ ಮೇಲೆ ಸ್ವಲ್ಪ ಮಣ್ಣೆಳೆದು ಆಮೇಲೆ ಗಡ್ಡೆ ಇಡ್ಬೇಕು, ಗೊಬ್ಬರದ ಮೇಲೇ ಹೋಳು ಇಟ್ರೆ ಕಣ್ಣು ಸುಟ್ಟು ಹೋಗುತ್ತೆ. ಕಣ್ಣು ಮೇಲಕ್ಕೆ, ಎರಡು ಮೂರು ಇಂಚು ಆಳ.

ಮಳೆ ಆಶ್ರಯಕ್ಕೆ ಎಕರೆಗೆ ಸಾರಜನಕ 30, ರಂಜಕ 30, ಪೊಟ್ಯಾಷ್ 40 ಕೆಜಿ ಲೆಕ್ಕದಲ್ಲಿ ನಾನು ಹಾಕೋದು ಡಿಎಪಿ (ಸಾರಜನಕ, ರಂಜಕ ಎರಡೂ ಇರೋ ಗೊಬ್ಬರ) ಒಂದೂಕಾಲು ಚೀಲ, ಎಂಒಪಿ (ಪೊಟ್ಯಾಷ್ ಗೊಬ್ಬರ) ಒಂದೂವರೆ ಚೀಲ ನಾಟೀಲಿ, ಯೂರಿಯಾ 45 ಕೆಜಿ ಚೀಲ ಒಂದು, ಅದ್ರಲ್ಲಿ ಅರ್ಧ ನಾಟೀಲಿ ಅರ್ಧ ಮಣ್ಣು ಏರಿಸೋವಾಗ. ಮಣ್ಣು ಪರೀಕ್ಷೆ ಮಾಡಿಸಿದ್ರೆ ಅದ್ರ ಪ್ರಕಾರ ಹಾಕಿ. ಯೂರಿಯಾ ಮೇಲೆ ಯೂರಿಯಾ ಸುರಿದು ಗಿಡ ಸೊಂಟದ ಎತ್ತರ ಕಪ್ಪು ಹಸಿರು ಆಗಿದೆ ಅಂತ ಖುಷಿ ಪಡೋರಿದಾರೆ, ಆ ಎಳೆ ಸೊಂಪು ಸೊಪ್ಪೇ ಅಂಗಮಾರಿಗೆ ಮೊದಲ ತುತ್ತು. ಗಡ್ಡೆ ದಪ್ಪ ಆಗೋಕೆ ಬೇಕಿರೋದು ಪೊಟ್ಯಾಷ್, ಅದನ್ನ ಬಿಡ್ಬೇಡಿ.

ಮಣ್ಣು ಏರಿಸೋದು

ಇಪ್ಪತ್ತೈದು ಮೂವತ್ತನೇ ದಿನಕ್ಕೆ ಕಳೆ ತೆಗೆದು ಉಳಿದ ಯೂರಿಯಾ ಹಾಕಿ ಎರಡೂ ಕಡೆಯಿಂದ ಮಣ್ಣು ಏರಿಸಿ, ನಲವತ್ತೈದರ ಹತ್ತಿರ ಇನ್ನೊಂದು ಸಲ. ಕೂಲಿ ಉಳಿಸೋಕೆ ಎರಡನೇ ಸಲದ್ದು ಬಿಡೋರು ಜಾಸ್ತಿ. ಮಣ್ಣು ಕಮ್ಮಿ ಆಗಿ ಗಡ್ಡೆ ಹೊರಗೆ ಕಂಡ್ರೆ ಬೆಳಕಿಗೆ ಹಸಿರಾಗುತ್ತೆ, ಹಸಿರು ಗಡ್ಡೆ ಕಹಿ, ತಿನ್ನೋಕೂ ಆಗಲ್ಲ, ಮಾರೋಕೂ ಆಗಲ್ಲ. ಗಡ್ಡೆ ಕೊರೆಯೋ ಹುಳದ ಚಿಟ್ಟೆ ಹಾಗೆ ಹೊರಗೆ ಕಂಡ ಗಡ್ಡೆ ಕಣ್ಣಲ್ಲೇ ಮೊಟ್ಟೆ ಇಡುತ್ತೆ. ಎಲೆ ಮೇಲಿನ ಅಂಗಮಾರಿ ಬೀಜಕಣ ಮಳೆ ನೀರಲ್ಲಿ ತೊಳ್ಕೊಂಡು ಇಳಿದು ಅದಕ್ಕೇ ತಗಲುತ್ತೆ. ಒಂದು ದಿನದ ಕೂಲೀಲಿ ಮೂರು ನಷ್ಟ ತಪ್ಪುತ್ತೆ.

ಅಂಗಮಾರಿ

1845ರಲ್ಲಿ ಐರ್ಲೆಂಡಲ್ಲಿ ಬರಗಾಲ ತಂದು ಲಕ್ಷಾಂತರ ಜನರನ್ನ ಕೊಂದಿದ್ದು ಇದೇ ರೋಗ, ನಮ್ಮ ಹೊಲಕ್ಕೆ ಬರೋದೂ ಅದೇ. ಎರಡು ಮೂರು ದಿನ ಬಿಸಿಲೇ ಇಲ್ಲದೆ ಸೋನೆ ಮಳೆ, ಬೆಳಿಗ್ಗೆ ಮಂಜು, ರಾತ್ರಿ ತಂಪು ಅಂದ್ರೆ ಅದು ಬರೋ ಹವೆ. ಆ ದಿನಗಳಲ್ಲಿ ಬೆಳಿಗ್ಗೆ ಏಳು ಗಂಟೆಗೇ ಹೊಲಕ್ಕೆ ಹೋಗಿ, ತಗ್ಗಿನ ಮೂಲೆ, ಮರದ ನೆರಳಿನ ಕಡೆ ಮೊದಲು ನೋಡಿ, ಕೆಳಗಿನ ಎಲೆಗಳನ್ನ ಮಗುಚಿ. ಎಲೆ ತುದೀಲಿ ಅಂಚಲ್ಲಿ ಬಿಸಿನೀರು ಬಿದ್ದ ಹಾಗೆ ನೀರು ತುಂಬಿದ ಕಂದು ಮಚ್ಚೆ ಇದ್ದು, ಹಿಂಭಾಗದಲ್ಲಿ ಆ ಮಚ್ಚೆ ಸುತ್ತ ಬೂದಿ ಉದುರಿಸಿದ ಹಾಗೆ ಬಿಳಿ ಬೂಷ್ಟು ಕಂಡ್ರೆ ಅದೇ. ಹನ್ನೊಂದು ಗಂಟೆಗೆ ಹೋದ್ರೆ ಬಿಸಿಲಿಗೆ ಆ ಬಿಳುಪು ಆರಿ ಹೋಗಿರುತ್ತೆ, ಸುಮ್ನೆ ಒಣಗಿದ ಎಲೆ ಅನ್ಕೊಂಡು ವಾಪಸ್ ಬರ್ತೀರಿ, ನಾಕೇ ದಿನದಲ್ಲಿ ಇಡೀ ಹೊಲ ಸುಟ್ಟ ವಾಸನೆ ಹೊಡೆಯುತ್ತೆ. ಉಂಗುರ ಉಂಗುರ ಗೆರೆ ಇರೋ ಒಣ ಮಚ್ಚೆ ಬೇರೆ, ಅದು ಮುಂಚಿನ ಅಂಗಮಾರಿ (ಅರ್ಲಿ ಬ್ಲೈಟ್) ಅನ್ನೋ ಇನ್ನೊಂದು ರೋಗ, ಅಷ್ಟು ಗಾಬರಿ ಬೇಡ.

ರೋಗ ಕಂಡ ಮೇಲೆ ಹೊಡೆಯೋದಲ್ಲ, ಕಾಣೋಕೆ ಮುಂಚೆ ಹೊಡೀಬೇಕು. ಗಿಡಗಳು ಸಾಲಲ್ಲಿ ಒಂದಕ್ಕೊಂದು ತಾಗೋ ಹೊತ್ತಿಗೆ, ಮೂವತ್ತೈದನೇ ದಿನದ ಹತ್ತಿರ, ಮ್ಯಾಂಕೋಜೆಬ್ ಲೀಟರಿಗೆ ಎರಡರಿಂದ ಎರಡೂವರೆ ಗ್ರಾಂ. ಇದು ಎಲೆ ಮೇಲೆ ಕೂತು ಕಾಯುತ್ತೆ ಅಷ್ಟೇ, ಒಳಗೆ ಹೋಗಲ್ಲ, ಹಾಗಾಗಿ ಎಲೆ ಹಿಂಭಾಗಕ್ಕೂ ಬೀಳ್ಬೇಕು, ಅಂಟು ದ್ರಾವಣ ಲೀಟರಿಗೆ ಒಂದು ಎಂಎಲ್ ಸೇರಿಸ್ಬೇಕು, ಏಳರಿಂದ ಹತ್ತು ದಿನಕ್ಕೆ ಮತ್ತೆ ಹೊಡೀಬೇಕು, ಹವೆ ಕೆಟ್ಟಿದ್ರೆ ಏಳೇ ದಿನಕ್ಕೆ. ಮೊದಲ ಮಚ್ಚೆ ಕಂಡ್ರೆ ಅವತ್ತೇ ಸೈಮಾಕ್ಸನಿಲ್ ಮ್ಯಾಂಕೋಜೆಬ್ ಮಿಶ್ರಣ ಲೀಟರಿಗೆ 3 ಗ್ರಾಂ, ಇಲ್ಲಾ ಡೈಮೆಥೊಮಾರ್ಫ್ 1 ಗ್ರಾಂ ಜೊತೆ ಮ್ಯಾಂಕೋಜೆಬ್ 2 ಗ್ರಾಂ. ಮುಂದಿನ ಸಲ ಇನ್ನೊಂದನ್ನ ಹೊಡೀರಿ, ಒಂದೇ ಔಷಧಿ ಮತ್ತೆ ಮತ್ತೆ ಹೊಡೆದ್ರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತೆ, ಮೆಟಲಾಕ್ಸಿಲ್ ಹಾಗೇ ಎಷ್ಟೋ ಕಡೆ ಕೆಲಸ ಮಾಡೋದು ಬಿಟ್ಟಿದೆ. ಗಿಡ ದೊಡ್ಡದಾದ ಮೇಲೆ ಎಕರೆಗೆ ಇನ್ನೂರು ಲೀಟರ್ ನೀರು ಸಾಲಲ್ಲ, ಮುನ್ನೂರರ ಮೇಲೆ ಬೇಕು. ಮೂಗಿಗೆ ಮುಖಕ್ಕೆ ಬಟ್ಟೆ, ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಗಾಳಿಗೆ ಎದುರಾಗಿ ಹೊಡೀಬೇಡಿ, ಕೀಳೋಕೆ ಎಷ್ಟು ದಿನ ಮುಂಚೆ ನಿಲ್ಲಿಸ್ಬೇಕು ಅನ್ನೋದು ಪ್ಯಾಕೆಟ್ ಮೇಲೆ ಇರುತ್ತೆ, ಓದಿ.

ಮಳೆ ಬಿಡ್ತಾ ಇಲ್ಲ, ಹೊಡೆಯೋಕೆ ಹೊತ್ತೇ ಸಿಕ್ತಿಲ್ಲ ಅನ್ನೋದು ಎಲ್ರ ಗೋಳು. ಎರಡು ಮೂರು ಗಂಟೆ ಹೊಳವಾದ್ರೂ ಸಾಕು, ಅದಕ್ಕೆ ಪಂಪು, ಪೆಟ್ರೋಲು, ಔಷಧಿ, ಡ್ರಮ್ಮಲ್ಲಿ ನೀರು ಜುಲೈ ಶುರುವಾಗೋ ಮುಂಚೆನೇ ಹೊಲದ ಹತ್ರ ಸಿದ್ಧ ಇರ್ಲಿ. ಅಂಗಡಿಗೆ ಹೋಗಿ ಬರೋಷ್ಟರಲ್ಲಿ ಹೊಳವು ಮುಗಿದಿರುತ್ತೆ. ಎಲೆ ಎಲ್ಲ ಹೋಗಿ ಕಾಂಡಕ್ಕೂ ಹತ್ತಿದ್ರೆ ಇನ್ನು ಔಷಧಿಗೆ ದುಡ್ಡು ಹಾಕ್ಬೇಡಿ, ಸೊಪ್ಪು ಕುಯ್ದು ಹೊರಗೆ ಸಾಗಿಸಿ ಗಡ್ಡೆನಾದ್ರೂ ಉಳಿಸ್ಕೊಳ್ಳಿ.

ಕೀಳೋದು

ಜ್ಯೋತಿ ನಮ್ಮಲ್ಲಿ ತೊಂಬತ್ತು ದಿನದ ಹತ್ತಿರಕ್ಕೆ ಬರುತ್ತೆ. ಕೀಳೋಕೆ ಹತ್ತು ಹನ್ನೆರಡು ದಿನ ಮುಂಚೆ ಸೊಪ್ಪನ್ನ ನೆಲಮಟ್ಟಕ್ಕೆ ಕುಯ್ದು ತೆಗೀರಿ, ಮಣ್ಣೊಳಗೇ ಸಿಪ್ಪೆ ಗಟ್ಟಿ ಆಗುತ್ತೆ. ಒಂದು ಗಡ್ಡೆ ಕಿತ್ತು ಹೆಬ್ಬೆರಳಲ್ಲಿ ಒತ್ತಿ ಉಜ್ಜಿ, ಸಿಪ್ಪೆ ಸುಲೀತು ಅಂದ್ರೆ ಇನ್ನೂ ಕಾಯ್ಬೇಕು. ಮಾರ್ಕೆಟಲ್ಲಿ ರೇಟ್ ಇದೆ ಅಂತ ಎಳೇದನ್ನೇ ಕಿತ್ತು ಚೀಲ ತುಂಬಿದ್ರೆ ಲಾರೀಲೇ ಸಿಪ್ಪೆ ಕಿತ್ತು ಕಪ್ಪಾಗಿ ಯಾರ್ಡಲ್ಲಿ ಅರ್ಧ ರೇಟು. ಮಳೆ ಬಿಟ್ಟು ಎರಡು ದಿನ ಆದ ಮೇಲೆ ಕೀಳಿ. ಕಿತ್ತ ಗಡ್ಡೆನ ಅವತ್ತೇ ನೆರಳಿಗೆ ಸಾಗಿಸಿ, ಹೊಲದಲ್ಲಿ ಅದೇ ಸೊಪ್ಪು ಮುಚ್ಚಿ ರಾತ್ರಿ ಬಿಡೋದು ನಮ್ಮ ಕಡೆ ಅಭ್ಯಾಸ, ಅದನ್ನ ಬಿಡಿ, ಸೊಪ್ಪಲ್ಲಿರೋ ರೋಗ, ಹುಳ, ಚಿಟ್ಟೆ ಎಲ್ಲ ಗಡ್ಡೆಗೆ ಇಳಿಯುತ್ತೆ. ನಾಕೈದು ದಿನ ನೆರಳಲ್ಲಿ ಗಾಳಿ ಆಡೋ ಹಾಗೆ ಇಟ್ರೆ ಗಾಯ ಒಣಗುತ್ತೆ, ಆಮೇಲೆ ಕುಯ್ದದ್ದು, ಹಸಿರು, ಗೋಲಿ ಎಲ್ಲ ಬೇರೆ ಮಾಡಿ ತುಂಬಿ.

ಚೀಲದ ಲೆಕ್ಕ ಬರೆದಿಡಿ. ಬೀಜ, ಗೊಬ್ಬರ, ಔಷಧಿ, ಕೂಲಿ, ಬಾಡಿಗೆ ಸೇರಿ ಎಕರೆಗೆ 60 ಸಾವಿರ ಆಯ್ತು ಅಂತ ಇಟ್ಕೊಳ್ಳಿ, 80 ಚೀಲ ಬಂದ್ರೆ ಚೀಲಕ್ಕೆ 750 ಅಸಲು, 50 ಚೀಲ ಬಂದ್ರೆ 1200. ಆ ಸಂಖ್ಯೆ ತಲೇಲಿದ್ರೆ ಯಾರ್ಡಲ್ಲಿ ಯಾವ ರೇಟಿಗೆ ಕೊಡ್ಬೇಕು, ಯಾವಾಗ ಎರಡು ದಿನ ತಡೀಬೇಕು ಅನ್ನೋದು ಗೊತ್ತಾಗುತ್ತೆ.

ಗಡ್ಡೆ ಎತ್ತಿದ ಮೇಲೆ ಹೊಲ ಖಾಲಿ ಬಿಡ್ಬೇಡಿ. ಆಲೂಗಡ್ಡೆಗೆ ಹಾಕಿದ ಗೊಬ್ಬರದ ಸಾರ ಇನ್ನೂ ಇರುತ್ತೆ, ಹಿಂಗಾರಿನ ಹದಕ್ಕೆ ಹುರುಳಿ, ಅವರೆ, ನೀರಿದ್ರೆ ರಾಗಿ ಅಥವಾ ಮುಸುಕಿನ ಜೋಳ ಚೆನ್ನಾಗಿ ಬರುತ್ತೆ. ಉಳುಮೆ ಮಾಡೋವಾಗ ನೇಗಿಲಿಗೆ ಸಿಗೋ ಬಿಟ್ಟುಹೋದ ಗಡ್ಡೆಗಳನ್ನ ಒಬ್ಬರು ಹಿಂದೆ ನಡೆದು ಆರಿಸಿ ಬುಟ್ಟಿಗೆ ಹಾಕ್ಕೊಳ್ಳಿ, ಮಣ್ಣಲ್ಲೇ ಉಳಿದ್ರೆ ಮುಂದಿನ ಮುಂಗಾರಿಗೆ ಅವೇ ಮೊದಲು ಮೊಳೆತು ಅಂಗಮಾರಿನ ಪಕ್ಕದೋರ ಹೊಲಕ್ಕೂ ಹಂಚ್ತವೆ.